ಧ್ವನಿಮುದ್ರಿಕೆಯ ರಸಿಕರು: ಮೆಚ್ಚಿದುದನ್ನು ಹಂಚಿಕೊಳ್ಳುವ ಬಗೆ

ಒಳ್ಳೆಯ ಹಾಡೊಂದನ್ನು ಕೇಳಿದವನು ಸುಮ್ಮನೆ ಕುಳಿತಿರಲಾರ. ಮನೆಗೆ ಬಂದ ಗೆಳೆಯನನ್ನು ಕೂರಿಸಿ, 'ಇದನ್ನೊಮ್ಮೆ ಕೇಳು' ಎಂದು ಯಂತ್ರದ ಬಳಿಗೆ ಹೋಗುತ್ತಾನೆ. ಹಾಡು ನಡೆಯುತ್ತಿರುವಾಗ ಅವನ ಕಣ್ಣು ಯಂತ್ರದ ಮೇಲಿರುವುದಿಲ್ಲ. ಗೆಳೆಯನ ಮುಖದ ಮೇಲಿರುತ್ತದೆ. ತಾನು ತಲೆದೂಗಿದ ಎಡೆಯಲ್ಲಿ ಅವನೂ ತಲೆದೂಗುವನೇ ಎಂಬ ಕಾತರ ಅದು. ಇದು ತೀರ ಸಾಮಾನ್ಯವಾದ ಸಂಗತಿ. ಸಾಮಾನ್ಯವಾದುದರಿಂದಲೇ ಅದನ್ನು ವಿಚಾರಕ್ಕೆ ಯೋಗ್ಯವೆಂದು ನಾವು ಬಗೆಯುವುದು ಅಪರೂಪ. ಸಂಗೀತದ ಚರಿತ್ರೆಯನ್ನು ಬರೆಯುವಾಗ ವಾಗ್ಗೇಯಕಾರರು, ಗಾಯಕರು, ಪರಂಪರೆಗಳು, ಆಶ್ರಯದಾತರು ನೆನಪಿಗೆ ಬರುತ್ತಾರೆ. 'ಇದನ್ನು ಕೇಳು' ಎಂದ ರಸಿಕ ನೆನಪಿಗೆ ಬರುವುದಿಲ್ಲ. ಆದರೆ ಧ್ವನಿಮುದ್ರಣ ಬಂದಂದಿನಿಂದ ಯಾವ ಸಂಗೀತ ಉಳಿಯಿತು, ಯಾವುದು ಮರೆಯಾಯಿತು ಎಂಬುದನ್ನು ನಿರ್ಧರಿಸಿದವರಲ್ಲಿ ಈ ರಸಿಕನೂ ಒಬ್ಬ. ಅವನು ಮಾಡುವ ಶಿಫಾರಸಿನ ಸ್ವರೂಪವೇನು, ಅದು ಕಾಲಕಾಲಕ್ಕೆ ಯಾವ ಯಾವ ರೂಪಗಳನ್ನು ತಾಳಿತು, ಅದರ ಫಲವೇನು ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಧ್ವನಿಮುದ್ರಣವಿಲ್ಲದ ಕಾಲದಲ್ಲಿಯೂ ರಸಿಕರಿದ್ದರು. ಅವರೂ ತಾವು ಕೇಳಿದ ಕಚೇರಿಯನ್ನು ಬಣ್ಣಿಸುತ್ತಿದ್ದರು. ಆದರೆ ಅವರು ಬಣ್ಣಿಸಬಲ್ಲವರಾಗಿದ್ದರೇ ಹೊರತು ತೋರಿಸಬಲ್ಲವರಾಗಿರಲಿಲ್ಲ. ಕಚೇರಿ ಮುಗಿಯಿತೆಂದರೆ ಅಂದಿನ ಹಾಡುಗಾರಿಕೆಯೂ ಮುಗಿದಂತೆಯೇ. 'ನೀನು ಇರಬೇಕಿತ್ತು' ಎಂಬ ಮಾತಿನಲ್ಲಿ ಹೊಗಳಿಕೆಗಿಂತ ವ್ಯಥೆಯೇ ಹೆಚ್ಚು. ಕೇಳಿದವನ ಮಾತನ್ನು ಕೇಳದವನು ನಂಬಬೇಕಾಗಿತ್ತು, ಪರೀಕ್ಷಿಸುವ ಮಾರ್ಗವಿರಲಿಲ್ಲ.

೧೮೭೭ರಲ್ಲಿ ಎಡಿಸನ್ನನು ಫೋನೋಗ್ರಾಫನ್ನೂ ೧೮೮೭ರಲ್ಲಿ ಎಮಿಲ್ ಬರ್ಲಿನರನು ಗ್ರಾಮಫೋನನ್ನೂ ನಿರ್ಮಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ಬರ್ಲಿನರನ ಚಪ್ಪಟೆಯ ತಟ್ಟೆಯನ್ನು ಒಂದು ಅಚ್ಚಿನಿಂದ ನೂರಾರು ಪ್ರತಿಗಳಾಗಿ ಒತ್ತಬಹುದಾಗಿತ್ತು. ಒಂದೇ ಹಾಡುಗಾರಿಕೆ, ಅದೇ ಉಸಿರು, ಅದೇ ತಾನ, ಊರೂರಿನಲ್ಲಿ ಎಷ್ಟು ಬಾರಿಯಾದರೂ ಕೇಳಿಸುವಂತಾಯಿತು. ಭಾರತಕ್ಕೆ ಈ ವಿದ್ಯೆ ವ್ಯಾಪಾರರೂಪದಲ್ಲಿ ಬಂದುದು ೧೯೦೨ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ನಡೆಸಿದ ಮುದ್ರಣಗಳಲ್ಲಿ ಗೌಹರ್ ಜಾನಳ ಹಾಡುಗಳು ಪ್ರಸಿದ್ಧವಾದುವು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು. ತಟ್ಟೆಗಳು ಆಗ ಜರ್ಮನಿಯ ಹಾನೋವರಿನಲ್ಲಿ ಅಚ್ಚಾಗುತ್ತಿದ್ದುವು. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಈ ಪದ್ಧತಿ ಎನ್ನುತ್ತಾರೆ. ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆಯಾಯಿತು. ಗೌಹರ್ ಜಾನಳು ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆಕೆಯ ದೇಹ ಮಣ್ಣಾದ ಮೇಲೂ ಆಕೆಯ ದನಿಯನ್ನು ಒಬ್ಬರು ಮತ್ತೊಬ್ಬರಿಗೆ ಕೇಳಿಸುತ್ತಲೇ ಬಂದರು.

ತಟ್ಟೆಯು ಶಿಫಾರಸನ್ನು ಸಾಧ್ಯವಾಗಿಸಿತು ಎಂದರೆ ಸಾಲದು; ಅದನ್ನು ಅವಶ್ಯಕವನ್ನಾಗಿಯೂ ಮಾಡಿತು. ಅರಗಿನ ಕಪ್ಪು ತಟ್ಟೆಗಳೆಲ್ಲ ನೋಡುವುದಕ್ಕೆ ಒಂದೇ ಸಮ. ಮೇಲಿನ ಚೀಟಿ ಗಾಯಕರ ಹೆಸರನ್ನೂ ರಾಗವನ್ನೂ ಹೇಳುತ್ತದೆ. ಹಾಡು ಹೇಗಿದೆ ಎಂಬುದನ್ನು ಹೇಳುವುದಿಲ್ಲ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಆ ಮೂರು ನಿಮಿಷಕ್ಕೆ ಹಣ ತೆರಬೇಕಾದವನು, ಅದನ್ನು ಮೊದಲೇ ಕೇಳಿದವನೊಬ್ಬನ ಮಾತನ್ನು ಆಶ್ರಯಿಸುವುದು ಸಹಜ. ಹೀಗೆ ಕೊಳ್ಳುವವನಿಗೂ ತಟ್ಟೆಗೂ ನಡುವೆ ಮೂರನೆಯವನೊಬ್ಬನು ನಿಂತನು. ಅವನು ಗಾಯಕನಲ್ಲ, ವ್ಯಾಪಾರಿಯಲ್ಲ. ಮೊದಲೇ ಕೇಳಿ ಮೆಚ್ಚಿದವನು.

೨

ಈ ಮೂರನೆಯವನ ಮಾತಿನ ಲಕ್ಷಣವೇನು? ನಮ್ಮ ಆಲಂಕಾರಿಕರು ಸಹೃದಯನ ವಿಚಾರದಲ್ಲಿ ಬಳಸುವ 'ಹೃದಯಸಂವಾದ' ಎಂಬ ಪರಿಭಾಷೆ ಇಲ್ಲಿ ನೆರವಿಗೆ ಬರುತ್ತದೆ. ಅಭಿನವಗುಪ್ತನ ಮತದಲ್ಲಿ ಸಹೃದಯತೆ ಹುಟ್ಟಿನಿಂದ ಮಾತ್ರ ಬರುವ ಗುಣವಲ್ಲ. ಕಾವ್ಯದ ಅನುಶೀಲನದಿಂದ ಮನಸ್ಸು ತಿಳಿಯಾಗುತ್ತ ಹೋದಂತೆ ಸಿದ್ಧಿಸುವಂಥದು. ಕವಿಯ ಹೃದಯಕ್ಕೆ ಓದುಗನ ಹೃದಯ ಮಿಡಿಯುವುದು ಒಂದು ಸಂವಾದ. ಧ್ವನಿಮುದ್ರಿಕೆಯ ರಸಿಕನು ಇದರ ಜೊತೆಗೆ ಇನ್ನೊಂದು ಸಂವಾದವನ್ನು ಅಪೇಕ್ಷಿಸುತ್ತಾನೆ: ತನ್ನ ಹೃದಯಕ್ಕೆ ಮತ್ತೊಬ್ಬ ಕೇಳುಗನ ಹೃದಯ ಮಿಡಿಯಬೇಕು.

ಹಾಗಾಗಬೇಕಾದರೆ ನಾಲ್ಕು ಅಂಶಗಳು ಕೂಡಿಬರಬೇಕು. ಮೊದಲನೆಯದು, ಹೇಳುವವನ ಮೆಚ್ಚುಗೆ ಹಸಿಯಾಗಿರಬೇಕು. ಹತ್ತು ವರ್ಷದ ಹಿಂದೆ ಮೆಚ್ಚಿದುದನ್ನು ವಾಡಿಕೆಯಿಂದ ಹೊಗಳುವುದಕ್ಕೂ, ಈ ವಾರ ಬಿಡದೆ ಕೇಳುತ್ತಿರುವುದನ್ನು ಹೇಳುವುದಕ್ಕೂ ವ್ಯತ್ಯಾಸವುಂಟು. ಎರಡನೆಯದು, ಕೇಳುವವನು ಎಂಥವನೆಂಬುದು ಹೇಳುವವನಿಗೆ ತಿಳಿದಿರಬೇಕು. ಖಯಾಲಿನ ವಿಳಂಬದಲ್ಲಿ ಬೇಸರಪಡುವವನಿಗೆ ಮೊದಲು ಠುಮ್ರಿಯನ್ನು ಕೇಳಿಸುವುದು ವಿವೇಕ. ಮೂರನೆಯದು, ಇಂಥ ಎಡೆಯನ್ನು ಗಮನಿಸು ಎಂದು ಬೆರಳಿಟ್ಟು ತೋರಿಸಬೇಕು. 'ಬಹಳ ಚೆನ್ನಾಗಿದೆ' ಎಂಬ ಮಾತು ಏನನ್ನೂ ತೋರಿಸುವುದಿಲ್ಲ. ನಾಲ್ಕನೆಯದು, ಗೆಳೆಯನು 'ನನಗೆ ಹಿಡಿಸಲಿಲ್ಲ' ಎಂದರೆ ಅದನ್ನು ಕೇಳುವ ಸಹನೆ ಇರಬೇಕು. ತಟ್ಟೆ ಎದುರಿಗೇ ಇದೆ. ಯಾರ ಮಾತು ನಿಜವೆಂದು ಮತ್ತೊಮ್ಮೆ ಕೇಳಿ ನೋಡಬಹುದು. ಬಣ್ಣನೆಗೆ ಇಲ್ಲದ ಈ ಪರೀಕ್ಷೆಯೇ ಶಿಫಾರಸಿನ ಬಲ. ಮುಂದೆ ಬರುವ ರೂಪಾಂತರಗಳಲ್ಲಿ ಈ ನಾಲ್ಕರಲ್ಲಿ ಯಾವುದು ಉಳಿಯಿತು, ಯಾವುದು ಸಡಿಲವಾಯಿತು ಎಂಬುದನ್ನು ನೋಡುತ್ತ ಹೋಗುವುದು ಉಚಿತ.

೩

ಮೊದಲ ರೂಪ ಬೀದಿಯದು. ಗ್ರಾಮಫೋನ್ ಪೆಟ್ಟಿಗೆ ಎಲ್ಲರ ಮನೆಯಲ್ಲಿಯೂ ಇರಲಿಲ್ಲ. ಕೀಲಿ ಕೊಟ್ಟು, ಮುಳ್ಳು ಬದಲಿಸಿ ತಟ್ಟೆ ಹಾಕುವವನ ಸುತ್ತ ನೆರೆಹೊರೆಯೆಲ್ಲ ನೆರೆಯುತ್ತಿತ್ತು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮ್ರಿಯನ್ನು ತಟ್ಟೆಯಲ್ಲಿ ಕೇಳಿದರು. ಹಾಡಿದರೆ ಹೀಗೆ ಹಾಡಬೇಕೆಂಬ ಹಂಬಲ ಅದರಿಂದ ಹುಟ್ಟಿತೆಂಬುದು ಪ್ರಸಿದ್ಧವಾದ ಸಂಗತಿ. ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟು ಗುರುವನ್ನರಸಿ ಉತ್ತರದ ಊರೂರು ಅಲೆದ ಆ ಬಾಲಕ ಕೊನೆಗೆ ನೆಲೆ ಕಂಡುದು ಕುಂದಗೋಳದಲ್ಲಿ, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠರು ಬಾಲ್ಯದಲ್ಲಿಯೇ ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ, ಅವುಗಳಲ್ಲಿದ್ದಂತೆಯೇ ಹಾಡಿ ಕೇಳುವವರನ್ನು ಬೆರಗುಗೊಳಿಸಿದರು. ಕುಮಾರ ಗಂಧರ್ವರೆಂದು ಲೋಕಪ್ರಸಿದ್ಧರಾದವರು ಅವರೇ.

ಈ ಎರಡು ನಿದರ್ಶನಗಳಲ್ಲಿ ಒಂದು ಸಮಾನ ಅಂಶವಿದೆ. ಆ ತಟ್ಟೆಗಳನ್ನು ಹಾಕಿದವರಿಗೆ, ಕೇಳುತ್ತ ನಿಂತ ಹುಡುಗನಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿದಿರಲು ಸಾಧ್ಯವಿರಲಿಲ್ಲ. ತಮಗೆ ಮೆಚ್ಚುಗೆಯಾದುದನ್ನು, ಅಥವಾ ಗಿರಾಕಿಗಳು ಮೆಚ್ಚುವಂಥದನ್ನು, ಅವರು ಹಾಕಿದರು ಅಷ್ಟೆ. ಶಿಫಾರಸಿನ ಫಲ ಶಿಫಾರಸು ಮಾಡಿದವನ ಕೈಯಲ್ಲಿಲ್ಲ. ಒಂದು ತಟ್ಟೆಯನ್ನು ನಾಲ್ಕು ಜನರ ಕಿವಿಗೆ ಬೀಳುವಂತೆ ಹಾಕುವುದು ಅಲ್ಪಕಾರ್ಯವಲ್ಲವೆಂಬುದಕ್ಕೆ ಇಷ್ಟು ಸಾಕು.

೪

ಎರಡನೆಯ ರೂಪ ಪತ್ರಿಕೆ ಮತ್ತು ಸಂಘಗಳದು. ೧೯೨೩ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಕಾಂಪ್ಟನ್ ಮೆಕೆಂಝಿಯು 'ದಿ ಗ್ರಾಮಫೋನ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದನು. ಅವನು ಸಂಗೀತವಿದ್ವಾಂಸನಲ್ಲ, ಹೊಸದಾಗಿ ತಟ್ಟೆಗಳ ಹುಚ್ಚು ಹಿಡಿದ ಸಾಹಿತಿ. ಗೆಳೆಯನ ಕಿವಿಯಲ್ಲಿ ಹೇಳುತ್ತಿದ್ದುದನ್ನು ಕಾಣದ ಸಾವಿರಾರು ಓದುಗರಿಗೆ ಹೇಳುವ ವ್ಯವಸ್ಥೆ ಹೀಗೆ ಹುಟ್ಟಿತು. ಅದೇ ಕಾಲದಲ್ಲಿ ಅವನು ಸ್ಥಾಪಿಸಿದ ಸಂಘವೊಂದು, ಕಂಪೆನಿಗಳು ಲಾಭವಿಲ್ಲವೆಂದು ಕೈಬಿಟ್ಟಿದ್ದ ಚೇಂಬರ್ ಸಂಗೀತದ ಕೃತಿಗಳನ್ನು ಚಂದಾದಾರರಿಗಾಗಿ ಮುದ್ರಿಸಿ ಹಂಚಿತು.

ಈ ಚಂದಾ ಪದ್ಧತಿಯನ್ನು ಎಚ್.ಎಂ.ವಿ. ಕಂಪೆನಿಯಲ್ಲಿ ವಾಲ್ಟರ್ ಲೆಗ್ಗನು ಬೆಳೆಸಿದನು. ಹ್ಯೂಗೋ ವೋಲ್ಫನ ಗೀತೆಗಳನ್ನು ಮುದ್ರಿಸಿದರೆ ಕೊಳ್ಳುವವರು ಯಾರು ಎಂಬ ಸಂದೇಹಕ್ಕೆ, ಐದುನೂರು ಜನ ಚಂದಾದಾರರು ಮುಂಚಿತವಾಗಿ ಹೆಸರು ಕೊಟ್ಟರೆ ಮುದ್ರಿಸೋಣ ಎಂದು ಅವನು ಉತ್ತರ ಹೇಳಿದನು. ಐದುನೂರು ಜನ ಕೂಡಿದರು. ೧೯೩೧ರಲ್ಲಿ ವೋಲ್ಫ್ ಸಂಘ ಅಸ್ತಿತ್ವಕ್ಕೆ ಬಂದಿತು. ಮರುವರ್ಷ ಆರಂಭವಾದ ಬೇಥೋವನ್ ಸೊನಾಟಾ ಸಂಘಕ್ಕಾಗಿ ಆರ್ಟುರ್ ಶ್ನಾಬೆಲನು ೧೯೩೫ರ ಹೊತ್ತಿಗೆ ಬೇಥೋವನನ ಮೂವತ್ತೆರಡು ಪಿಯಾನೋ ಸೊನಾಟಾಗಳನ್ನೂ ನುಡಿಸಿ ಮುಗಿಸಿದನು. ಇಲ್ಲಿ ಕ್ರಮವೇ ತಿರುವುಮುರುವಾಗಿರುವುದನ್ನು ಗಮನಿಸಬೇಕು. ಮೊದಲು ತಟ್ಟೆ, ಆಮೇಲೆ ಶಿಫಾರಸು ಎಂಬುದು ಹೋಗಿ, ಮೊದಲು ಶಿಫಾರಸು, ಆಮೇಲೆ ತಟ್ಟೆ ಎಂದಾಯಿತು. ಇಂಥ ದೀರ್ಘಕೃತಿಗಳ ತಟ್ಟೆಗಳನ್ನು ಲಕೋಟೆಗಳುಳ್ಳ ದಪ್ಪ ಪುಸ್ತಕದಂಥ ಸಂಪುಟದಲ್ಲಿ ಜೋಡಿಸಿ ಮಾರುತ್ತಿದ್ದರು. ಅದಕ್ಕೆ ಆಲ್ಬಂ ಎಂದು ಹೆಸರು. ಪುಸ್ತಕ ಹೋಗಿ ಬಹುಕಾಲವಾದರೂ ಹೆಸರು ಇಂದಿಗೂ ನಿಂತಿದೆ.

೫

ಇದೇ ಲೆಗ್ಗನ ವೃತ್ತಾಂತದಲ್ಲಿ ಮೈಸೂರಿನ ಪ್ರಸ್ತಾಪ ಬರುವುದು ನಮಗೆ ವಿಶೇಷವಾದುದು. ಜಯಚಾಮರಾಜೇಂದ್ರ ಒಡೆಯರು (೧೯೧೯–೧೯೭೪) ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ಕನ್ನಡಿಗರಿಗೆ ತಿಳಿದದ್ದೇ. ಅವರು ಪಾಶ್ಚಾತ್ಯ ಸಂಗೀತದ ಆಳವಾದ ಪರಿಚಯವುಳ್ಳ ಪಿಯಾನೋವಾದಕರೂ ತಟ್ಟೆಗಳ ಮಹಾಸಂಗ್ರಾಹಕರೂ ಆಗಿದ್ದರು. ಅವರ ಸಂಗ್ರಹದಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿದ ತಟ್ಟೆಗಳಿದ್ದುವೆಂದು ೧೯೫೦ರ ಸುಮಾರಿನಲ್ಲಿ ಅಂದಾಜು ಮಾಡಲಾಗಿತ್ತು.

ಅವರು ಮೆಚ್ಚಿದವರಲ್ಲಿ ಒಬ್ಬನು ರಷ್ಯದ ನಿಕೊಲಾಯ್ ಮೆಟ್ನರ್. ಈ ವಾಗ್ಗೇಯಕಾರನು ತನ್ನ ದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿ, ಯುದ್ಧಕಾಲದ ಕಷ್ಟಗಳಲ್ಲಿ ಬಹುಮಟ್ಟಿಗೆ ಮರೆತುಹೋದವನಾಗಿದ್ದನು. ಮಹಾರಾಜರು ಅವನ ಕೃತಿಗಳ ಮುದ್ರಣಕ್ಕೆ ಹಣವೊದಗಿಸಿ ಮೆಟ್ನರ್ ಸಂಘಕ್ಕೆ ಕಾರಣರಾದರು. ೧೯೪೭ರಿಂದ ಮೊದಲ್ಗೊಂಡು, ಇಳಿವಯಸ್ಸಿನ ಮೆಟ್ನರನು ತನ್ನ ಮೂರು ಪಿಯಾನೋ ಕಾನ್ಸರ್ಟೋಗಳನ್ನೂ ಅನೇಕ ಇತರ ರಚನೆಗಳನ್ನೂ ಸ್ವತಃ ನುಡಿಸಿ ಮುದ್ರಿಸಿದನು. ಮೂರನೆಯ ಕಾನ್ಸರ್ಟೋ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಮೆಟ್ನರನು ೧೯೫೧ರಲ್ಲಿ ತೀರಿಕೊಂಡನು. ನಾಲ್ಕು ವರ್ಷ ತಡವಾಗಿದ್ದರೆ ಆ ಕೈಗಳ ನುಡಿಸಾಣಿಕೆಯಲ್ಲಿ ಆ ಕಾನ್ಸರ್ಟೋಗಳು ನಮಗೆ ದೊರೆಯುತ್ತಿರಲಿಲ್ಲ. ಒಬ್ಬ ಕೇಳುಗನ ಮೆಚ್ಚುಗೆ ಸಕಾಲದಲ್ಲಿ ಕಾರ್ಯರೂಪಕ್ಕೆ ಬಂದುದರ ಫಲವಿದು.

೧೯೪೯ರಲ್ಲಿ ಲೆಗ್ಗನು ಮೈಸೂರಿಗೆ ಬಂದನು. ಅವನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ ಹತ್ತು ಸಾವಿರ ಪೌಂಡುಗಳ ನೆರವನ್ನು ಮಹಾರಾಜರು ಒಪ್ಪಿದರು. ತಾವು ಕೇಳಬಯಸಿಯೂ ತಟ್ಟೆಗಳಲ್ಲಿ ದೊರೆಯದಿದ್ದ ಬಾಲಾಕಿರೆವನ ಸಿಂಫನಿ, ರೂಸೆಲನ ನಾಲ್ಕನೆಯ ಸಿಂಫನಿ ಮುಂತಾದುವನ್ನು ಮುದ್ರಿಸಬೇಕೆಂದು ಸೂಚಿಸಿದರು. ಆ ಎರಡನ್ನೂ ಕಾರಾಯಾನನು ಅದೇ ವಾದ್ಯವೃಂದದೊಡನೆ ಮುದ್ರಿಸಿದನು. ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ 'ನಾಲ್ಕು ಕೊನೆಯ ಗೀತೆಗಳು' ಮೊತ್ತಮೊದಲು ಕೇಳಿಬಂದುವು. ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದರು; ಫುರ್ಟ್‌ವೆಂಗ್ಲರನು ವಾದ್ಯವೃಂದವನ್ನು ನಡೆಸಿದನು. ಆ ಕಚೇರಿಯ ವೆಚ್ಚಕ್ಕೆ ಹೊಣೆ ನಿಂತವರು ಮಹಾರಾಜರು. ಹೋಗಿ ಕೇಳಲಾಗದ ಅವರಿಗಾಗಿ ಅದನ್ನು ತಟ್ಟೆಗಳಲ್ಲಿ ಹಿಡಿದು ಕಳುಹಿಸಿಕೊಡಲಾಯಿತು. ಒಬ್ಬರ ಕಿವಿಗೆಂದು ಹಿಡಿದ ಆ ಧ್ವನಿ ಮುಂದೆ ಪ್ರಕಟವಾಗಿ ಇಂದು ಎಲ್ಲರಿಗೂ ದೊರೆಯುತ್ತಿದೆ.

ಆದರೆ ಈ ರೂಪದ ಮಿತಿಯನ್ನೂ ಹೇಳಬೇಕು. ಸಂಘದಲ್ಲಿ ಐದುನೂರು ಜನರ ಮೆಚ್ಚುಗೆ ಮಾಡಿದ ಕೆಲಸವನ್ನು ಇಲ್ಲಿ ಒಬ್ಬರ ಐಶ್ವರ್ಯ ಮಾಡಿತು. ಆ ಐಶ್ವರ್ಯದ ಮೂಲ ಒಂದು ಸಂಸ್ಥಾನ. ರಾಜ್ಯಾಧಿಕಾರ ಹೋಗಿ ವರಮಾನ ಕುಗ್ಗಿದಾಗ ಈ ನೆರವೂ ಕುಗ್ಗಲೇಬೇಕಾಯಿತು. ಮೆಟ್ನರನ ಕೃತಿಗಳೆಲ್ಲವನ್ನೂ ಮುದ್ರಿಸುವ ಆಸೆ ಮೂರು ಸಂಪುಟಗಳಿಗೆ ನಿಂತಿತು.

೬

೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ನಿಮಿಷಕ್ಕೆ ಮೂವತ್ತಮೂರೂಕಾಲು ಸುತ್ತಿಗಿಂತ ತುಸು ಹೆಚ್ಚಾಗಿ ತಿರುಗುವ ದೀರ್ಘವಾದನದ ತಟ್ಟೆಯನ್ನು ಹೊರತಂದಿತು. ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಸಂಗೀತ ಹಿಡಿಯತೊಡಗಿತು. ಮೂರು ನಿಮಿಷಕ್ಕೆ ರಾಗವನ್ನು ಮಡಿಚಿಡಬೇಕಾಗಿದ್ದ ನಮ್ಮ ಸಂಗೀತಗಾರರಿಗೆ ಇದು ದೊಡ್ಡ ಬಿಡುಗಡೆ. ೧೯೫೫ರಲ್ಲಿ ಅಮೆರಿಕದಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನ ಇಂಥ ತಟ್ಟೆಯಾಗಿ ಹೊರಬಂದಿತು. ಅದರಲ್ಲಿ ವಾದನಕ್ಕೆ ಮೊದಲು ಕೇಳಿಬರುವುದು ಪಿಟೀಲುವಾದಕ ಯೆಹೂದಿ ಮೆನೂಹಿನರ ಮಾತು. ಭಾರತೀಯ ಸಂಗೀತವನ್ನೆಂದೂ ಕೇಳದವರಿಗೆ ಅವರು ಅದನ್ನು ಪರಿಚಯಿಸುತ್ತಾರೆ. ಗೆಳೆಯನ ಶಿಫಾರಸು ಇಲ್ಲಿ ತಟ್ಟೆಯೊಳಗೇ ಸೇರಿಕೊಂಡಿತು. ಮೇಲೆ ಹೇಳಿದ ನಾಲ್ಕು ಅಂಶಗಳೂ ಇಲ್ಲಿ ಬಹುಮಟ್ಟಿಗೆ ಉಳಿದಿವೆ: ಮೆಚ್ಚುಗೆ ನಿಜವಾದುದು, ಕೇಳುಗ ಯಾರೆಂಬ ಅರಿವಿದೆ, ಗಮನಿಸಬೇಕಾದುದನ್ನು ತೋರಿಸುವುದಿದೆ, ಪರೀಕ್ಷೆಗೆ ವಾದನ ಒಡನೆಯೇ ಬರುತ್ತದೆ.

ರೇಡಿಯೋ ಬಂದ ಮೇಲೆ ಶಿಫಾರಸು ಅಂಚೆಯ ಚೀಟಿಯ ರೂಪ ತಾಳಿತು. ೧೯೫೨ರಲ್ಲಿ ರೇಡಿಯೋ ಸಿಲೋನಿನಲ್ಲಿ ಆರಂಭವಾದ ಬಿನಾಕಾ ಗೀತ್ ಮಾಲಾ, ೧೯೫೭ರಲ್ಲಿ ಆಕಾಶವಾಣಿಯು ಆರಂಭಿಸಿದ ವಿವಿಧ ಭಾರತಿ, ಇವುಗಳಿಂದ ಕೋರಿಕೆಯ ಗೀತೆಗಳು ಮನೆಮಾತಾದುವು. ಈಗ ಝಾರ್ಖಂಡಕ್ಕೆ ಸೇರಿರುವ ಝುಮ್ರೀ ತಲೈಯಾ ಎಂಬ ಅಭ್ರಕದ ಗಣಿಯ ಊರು ತನ್ನ ಕೋರಿಕೆಯ ಪತ್ರಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಹಾಡು ಕೋರಿದವನ ಹೆಸರೂ ಊರೂ ಗಾಳಿಯಲ್ಲಿ ಕೇಳಿಬರುವುದರಲ್ಲಿ ಒಂದು ಸಂತೋಷವಿತ್ತು. ಆದರೆ ಕೋರಿದವನು ಏಕೆ ಮೆಚ್ಚಿದನೆಂಬುದು ಕೇಳಿಬರಲಿಲ್ಲ. ಕಾರಣ ಹೋಗಿ ಎಣಿಕೆ ಉಳಿಯಿತು. ಎಣಿಕೆಯಿಂದ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬ ಶ್ರೇಣಿ ಹುಟ್ಟಿತು. ಎಲ್ಲರೂ ಮೆಚ್ಚಿದುದನ್ನು ಮತ್ತಷ್ಟು ಜನ ಕೇಳುವುದು, ಕೆಲವರು ಮಾತ್ರ ಮೆಚ್ಚಿದುದು ಕೇಳಿಬರದೆ ಹೋಗುವುದು, ಇದು ಶ್ರೇಣಿಯ ಸ್ವಭಾವ.

ಫಿಲಿಪ್ಸ್ ಕಂಪೆನಿ ೧೯೬೩ರಲ್ಲಿ ತಂದ ಕ್ಯಾಸೆಟ್ಟು ಈ ಒಲವನ್ನು ಸ್ವಲ್ಪಮಟ್ಟಿಗೆ ಸರಿದೂಗಿಸಿತು. ಸಾಮಾನ್ಯನೂ ಮನೆಯಲ್ಲಿಯೇ ಧ್ವನಿಯನ್ನು ನಕಲು ಮಾಡಬಹುದಾಯಿತು. ರೇಡಿಯೋವಿನಿಂದ ಹಿಡಿದ ಕಚೇರಿ, ರಾಮನವಮಿಯ ಪೆಂಡಾಲಿನಲ್ಲಿ ಹಿಡಿದ ಆಲಾಪನೆ ಕೈಯಿಂದ ಕೈಗೆ ದಾಟಿದುವು. ಕನ್ನಡದಲ್ಲಿ ೧೯೭೮ರಲ್ಲಿ ಹೊರಬಂದ, ಕೆ. ಎಸ್. ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಧ್ವನಿಸುರುಳಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಿಂದ ಆಧುನಿಕ ಕವಿತೆಯನ್ನು ಪುಸ್ತಕ ಕೊಳ್ಳದವರ ಮನೆಗೂ ಒಯ್ದಿತು. ನಕಲು ಮಾಡುವುದು ಕಲಾವಿದನ ಸಂಭಾವನೆಗೆ ಕುಂದು ತರುವುದೆಂಬ ಆಕ್ಷೇಪ ನ್ಯಾಯವಾದುದೇ. ಆದರೂ ಸುರುಳಿಯ ಹೊದಿಕೆಯ ಮೇಲೆ ಗೆಳೆಯನು ಕೈಯಾರೆ ಬರೆದ ರಾಗಗಳ ಪಟ್ಟಿಯಲ್ಲಿ ಶಿಫಾರಸಿನ ಹಳೆಯ ಗುಣಗಳೆಲ್ಲ ಮರಳಿ ಬಂದಿದ್ದುವು.

೭

ಈಗ ಸಂಗೀತವು ಅಂತರಜಾಲದ ಮೂಲಕ ಹರಿದು ಬರುತ್ತದೆ. ಒಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿಗೆ, ಮಹಾರಾಜರ ಸಂಗ್ರಹವನ್ನು ಮೀರಿಸುವ ಭಂಡಾರ ತೆರೆದಿದೆ. ಮುಂದೆ ಯಾವುದನ್ನು ಕೇಳಬೇಕೆಂಬುದನ್ನು ಗಣಕಯಂತ್ರವೇ ಸೂಚಿಸುತ್ತದೆ. ಅದು ಮಾಡುವುದು ಮುಖ್ಯವಾಗಿ ಲೆಕ್ಕ: ಇದನ್ನು ಕೇಳಿದವರು ಅದನ್ನೂ ಕೇಳಿದ್ದಾರೆ, ಆದುದರಿಂದ ನೀನೂ ಕೇಳಬಹುದು. ಈ ಲೆಕ್ಕ ನಿಷ್ಪ್ರಯೋಜಕವೆಂದು ಹೇಳಲಾಗದು. ಎಷ್ಟೋ ವೇಳೆ ಅದರ ಸೂಚನೆ ನಮ್ಮನ್ನು ಒಳ್ಳೆಯ ಸಂಗೀತದ ಬಾಗಿಲಿಗೆ ಒಯ್ಯುತ್ತದೆ. ಆದರೆ ನಮ್ಮ ನಾಲ್ಕು ಅಂಶಗಳಿಂದ ಅಳೆದರೆ ಅದರ ಕೊರತೆ ಕಾಣುತ್ತದೆ. ಕೇಳುಗನ ಅಭ್ಯಾಸವನ್ನು ಅದು ಗೆಳೆಯನಿಗಿಂತ ಚೆನ್ನಾಗಿ ಬಲ್ಲುದು; ಆದರೆ ಅದಕ್ಕೆ ಮೆಚ್ಚುಗೆಯಿಲ್ಲ. ಇಂಥ ಎಡೆಯನ್ನು ಗಮನಿಸು ಎಂದು ಅದು ಹೇಳುವುದಿಲ್ಲ. ನಾವು ಒಪ್ಪದಿದ್ದರೆ ವಾದಿಸುವುದಿಲ್ಲ, ಬೇರೊಂದನ್ನು ಮುಂದಿಡುತ್ತದೆ ಅಷ್ಟೆ. ಮೇಲಾಗಿ ಯಾರೂ ಕೇಳದಿರುವುದನ್ನು ಈ ಬಗೆಯ ಲೆಕ್ಕ ಕಾಣಲಾರದು. ಬಹುಮಟ್ಟಿಗೆ ಮರೆತುಹೋಗಿದ್ದ ಮೆಟ್ನರನನ್ನು ಅದು ಮೈಸೂರಿಗೆ ಸೂಚಿಸುತ್ತಿತ್ತೇ ಎಂಬುದು ಸಂದೇಹ.

ಇದರಿಂದ ಹೊರಡುವ ಅಪಾಯ ಸಣ್ಣದಲ್ಲ. ಭಂಡಾರದಲ್ಲಿ ಇರುವುದು ಬೇರೆ, ಕೇಳಿಬರುವುದು ಬೇರೆ. ಅರಗಿನ ತಟ್ಟೆ ಒಡೆದರೆ ನಷ್ಟ ಕಣ್ಣಿಗೆ ಕಾಣುತ್ತಿತ್ತು. ಭಂಡಾರದಲ್ಲಿ ಸುರಕ್ಷಿತವಾಗಿದ್ದೂ ಯಾರ ಕಿವಿಗೂ ಬೀಳದ ಹಾಡಿನ ನಷ್ಟ ಕಾಣುವುದೇ ಇಲ್ಲ. ಉತ್ತರ ಕರ್ನಾಟಕದ ನಾಟಕ ಕಂಪೆನಿಗಳ ರಂಗಗೀತೆಗಳು, ಅರಮನೆಯ ವೈಣಿಕರ ವಾದನ, ತತ್ತ್ವಪದಗಳು, ಇವುಗಳಲ್ಲಿ ಹಳೆಯ ತಟ್ಟೆಗಳಿಗೆ ಇಳಿದುದು ಸ್ವಲ್ಪ. ಆ ಸ್ವಲ್ಪವಾದರೂ ಉಳಿಯಬೇಕಾದರೆ ಅದನ್ನು ಕೇಳಿ ಮೆಚ್ಚಿ, 'ಇದನ್ನು ಕೇಳು' ಎನ್ನುವವರು ಪ್ರತಿಯೊಂದು ತಲೆಮಾರಿನಲ್ಲಿಯೂ ಬೇಕು.

ಈ ಕಾರ್ಯಕ್ಕೆ ಕಾಲೇಜಿಗಿಂತ ತಕ್ಕ ಸ್ಥಳವಿಲ್ಲ. ಐಶ್ವರ್ಯ ಬೇಕಾಗಿಲ್ಲ, ಐದುನೂರು ಜನರೂ ಬೇಕಾಗಿಲ್ಲ. ಹತ್ತು ಜನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಸೇರಲಿ. ಪ್ರತಿಯೊಬ್ಬನೂ ತಾನು ಆ ತಿಂಗಳು ಮನಸೋತು ಕೇಳಿದ ಒಂದೇ ಒಂದು ಧ್ವನಿಮುದ್ರಿಕೆಯನ್ನು ತಂದು ಕೇಳಿಸಲಿ. ಕೇಳಿಸುವ ಮುನ್ನ ಮೂರು ವಾಕ್ಯ ಹೇಳಲಿ: ಹಾಡಿದವರು ಯಾರು ಮತ್ತು ಯಾವಾಗ, ತನ್ನನ್ನು ಹಿಡಿದು ನಿಲ್ಲಿಸಿದ ಎಡೆ ಯಾವುದು, ಈ ಗುಂಪಿನಲ್ಲಿ ಇದು ಯಾರಿಗೆ ಹಿಡಿಸಬಹುದೆಂದು ತನ್ನ ಊಹೆ. ಕೇಳಿದ ಮೇಲೆ ಒಪ್ಪದವರು ಒಪ್ಪದ ಕಾರಣವನ್ನು ಹೇಳಲಿ, ಮತ್ತೊಮ್ಮೆ ಕೇಳಲಿ. ಅಧ್ಯಾಪಕರೂ ತಮ್ಮ ಸರದಿ ಬಂದಾಗ ಇದೇ ನಿಯಮಕ್ಕೆ ಒಳಗಾಗಲಿ. ಇಂಥ ಗೋಷ್ಠಿ ಒಂದು ವರ್ಷ ನಡೆದರೆ ಅದರ ಟಿಪ್ಪಣಿಗಳೇ ನಮ್ಮ ಕಾಲದ ಶ್ರವಣಾಭಿರುಚಿಗೆ ಒಂದು ದಾಖಲೆಯಾಗುವುವು. ಅಲ್ಲಿ ಹಾಕಿದ ತಟ್ಟೆಯೊಂದು ಬಾಗಿಲ ಬಳಿ ನಿಂತವನೊಬ್ಬನಲ್ಲಿ ಏನನ್ನು ಎಚ್ಚರಿಸುವುದೋ ಯಾರೂ ಮುಂಚಿತವಾಗಿ ಹೇಳಲಾರರು. ಗದಗಿನಲ್ಲಿ ಆ ದಿನ ತಟ್ಟೆ ಹಾಕಿದವನಿಗೂ ಅದು ತಿಳಿದಿರಲಿಲ್ಲ.